ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡ್: ಚಿಪ್ ನೋಡಿ, ಡ್ರೈವರ್ ನೋಡಿ ಕೊಳ್ಳುವ ಬಗೆ

ಒಂದೇ ಕಾರ್ಡಿನ ಮೇಲೆ ಎರಡೋ ನಾಲ್ಕೋ ಈಥರ್‌ನೆಟ್ ಪೋರ್ಟುಗಳಿದ್ದರೆ ಅದು ಬಹು ಪೋರ್ಟಿನ ನೆಟ್‌ವರ್ಕ್ ಕಾರ್ಡ್. ಕಂಪ್ಯೂಟರಿನ ಒಂದು ಸ್ಲಾಟಿನಲ್ಲಿ ಕೂತರೂ ಆಪರೇಟಿಂಗ್ ಸಿಸ್ಟಮ್‌ಗೆ ಅದು ಪೋರ್ಟಿಗೊಂದರಂತೆ ಬೇರೆ ಬೇರೆ ಕಾರ್ಡುಗಳಾಗಿ ಕಾಣುತ್ತದೆ. ಪ್ರತಿ ಪೋರ್ಟಿಗೂ ಅದರದೇ ವಿಳಾಸ, ಅದರದೇ ಲೆಕ್ಕ. ಹಿಂದೆ ಇವು ಸರ್ವರ್ ಕೋಣೆಯಲ್ಲಷ್ಟೇ ಇರುತ್ತಿದ್ದವು. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಓಪನ್ ಸೋರ್ಸ್ ಫೈರ್‌ವಾಲ್ ಹಾಕಿ ಕಚೇರಿಯ ರೂಟರ್ ಮಾಡಿಕೊಳ್ಳುವವರು ಹೆಚ್ಚಾದ ಮೇಲೆ ಸಣ್ಣ ಸಂಸ್ಥೆಗಳಲ್ಲೂ ಮನೆಗಳಲ್ಲೂ ಇವುಗಳಿಗೆ ಕೆಲಸ ಬಂದಿದೆ.

ಒಂದು ಸಣ್ಣ ಕಚೇರಿಯನ್ನೇ ತೆಗೆದುಕೊಳ್ಳಬಹುದು. ಎರಡು ಬೇರೆ ಕಂಪನಿಗಳ ಇಂಟರ್ನೆಟ್ ಲೈನ್ ಇದೆ, ಒಂದು ಕೈಕೊಟ್ಟರೆ ಇನ್ನೊಂದು. ಲೆಕ್ಕಪತ್ರದ ಕಂಪ್ಯೂಟರುಗಳು ಒಂದು ಜಾಲದಲ್ಲಿರಬೇಕು, ಬಂದುಹೋಗುವವರ ವೈಫೈ ಮತ್ತು ಸಿಸಿಟಿವಿ ಕ್ಯಾಮೆರಾಗಳು ಇನ್ನೊಂದರಲ್ಲಿ. ಅಲ್ಲಿಗೆ ನಾಲ್ಕು ಪೋರ್ಟು ಭರ್ತಿ. ಇವುಗಳ ನಡುವೆ ಏನು ಹಾದುಹೋಗಬಹುದು, ಏನು ಹಾಯಬಾರದು ಎಂಬುದನ್ನು ನಡುವಿನ ಕಂಪ್ಯೂಟರ್ ತೀರ್ಮಾನಿಸುತ್ತದೆ. ಬಹು ಪೋರ್ಟಿನ ಕಾರ್ಡಿಗೆ ಹೇಳಿಮಾಡಿಸಿದ ಕೆಲಸ ಇದೇ.

ಕೇವಲ ನಾಲ್ಕು ಕಂಪ್ಯೂಟರುಗಳನ್ನು ಒಂದಕ್ಕೊಂದು ಸೇರಿಸಲು ಈ ಕಾರ್ಡ್ ಬೇಡ. ಸ್ವಿಚ್ ಅದೇ ಕೆಲಸವನ್ನು ಕಡಿಮೆ ಬೆಲೆಗೆ, ಪ್ರೊಸೆಸರನ್ನು ತೊಂದರೆಪಡಿಸದೆ, ಮಾಡುತ್ತದೆ. ವಿಎಲ್‌ಎಎನ್ ತಿಳಿದವರು ಒಂದೇ ಪೋರ್ಟಿನ ಕಾರ್ಡು ಮತ್ತು ಒಂದು ಮ್ಯಾನೇಜ್ಡ್ ಸ್ವಿಚ್ಚಿನಿಂದಲೂ ಜಾಲಗಳನ್ನು ಬೇರ್ಪಡಿಸಬಹುದು. ನಾಲ್ಕು ಗಿಗಾಬಿಟ್ ಪೋರ್ಟುಗಳನ್ನು ಒಟ್ಟುಗೂಡಿಸಿದರೆ ಒಂದು ಫೈಲ್ ನಾಲ್ಕು ಪಟ್ಟು ವೇಗದಲ್ಲಿ ಹೋಗುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಸಾಮಾನ್ಯವಾಗಿ ಬಳಸುವ 802.3ಎಡಿ ವಿಧಾನದಲ್ಲಿ ಒಂದು ಸಂಪರ್ಕದ ಪ್ಯಾಕೆಟುಗಳೆಲ್ಲ ಒಂದೇ ತಂತಿಯಲ್ಲಿ ಹೋಗುತ್ತವೆ. ಹಲವರು ಏಕಕಾಲಕ್ಕೆ ಬಳಸುವಾಗ ಮಾತ್ರ ಲಾಭ ಕಾಣುತ್ತದೆ.

ಕಾರ್ಡ್ ಬೇಕು ಎಂದು ನಿಶ್ಚಯವಾದ ಮೇಲೆ ಮೊದಲು ಗಮನಿಸಬೇಕಾದದ್ದು ಅದರ ಚಿಪ್ಪನ್ನು. ಡಬ್ಬಿಯ ಮೇಲಿನ ಹೆಸರಿಗೆ ಎರಡನೆಯ ಸ್ಥಾನ. ಎಚ್‌ಪಿ, ಡೆಲ್, ಐಬಿಎಂ ಹೆಸರಿನಲ್ಲಿ ಬರುವ ಸರ್ವರ್ ಕಾರ್ಡುಗಳ ಮೇಲಿರುವುದು ಬಹುಪಾಲು ಇಂಟೆಲ್ ಅಥವಾ ಬ್ರಾಡ್‌ಕಾಮ್ ಚಿಪ್. ಎಚ್‌ಪಿಯ ಎನ್‌ಸಿ364ಟಿ ಕಾರ್ಡಿನಲ್ಲಿರುವುದು ಇಂಟೆಲ್ 82571. ಅದೇ ಕಂಪನಿಯ 331ಟಿ ಕಾರ್ಡಿನಲ್ಲಿ ಬ್ರಾಡ್‌ಕಾಮ್‌ನ ಬಿಸಿಎಂ5719 ಇದೆ, 366ಟಿ ಕಾರ್ಡಿನಲ್ಲಿ ಇಂಟೆಲ್ ಐ350. ಮೂರಕ್ಕೂ ಒಂದೇ ಹೆಸರಿನ ಲೇಬಲ್ ಇದ್ದರೂ ಲಿನಕ್ಸ್‌ನಲ್ಲಿ ಮೂರನ್ನೂ ನಡೆಸುವುದು ಮೂರು ಬೇರೆ ಡ್ರೈವರುಗಳು.

ಚಿಪ್ ಯಾವುದೆಂದು ತಿಳಿಯಲು ಕಾರ್ಡನ್ನು ಬಿಚ್ಚಿ ನೋಡಬೇಕಿಲ್ಲ. ಪಿಸಿಐ ಸಾಧನಗಳಿಗೆಲ್ಲ ಎರಡು ಸಂಖ್ಯೆಗಳಿರುತ್ತವೆ. ಒಂದು ತಯಾರಕರದು, ಇನ್ನೊಂದು ಮಾದರಿಯದು. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್’ ಎಂದು ಕೇಳಿದರೆ ಎರಡೂ ತೆರೆಯ ಮೇಲೆ ಬರುತ್ತವೆ. 8086 ಎಂದಿದ್ದರೆ ಇಂಟೆಲ್. ಆ ಕಂಪನಿ ತನ್ನ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯನ್ನೇ ಗುರುತಾಗಿ ಇಟ್ಟುಕೊಂಡಿದೆ. 14ಇ4 ಬ್ರಾಡ್‌ಕಾಮ್, 10ಇಸಿ ರಿಯಲ್‌ಟೆಕ್, 15ಬಿ3 ಮೆಲನಾಕ್ಸ್. 8086ರ ಪಕ್ಕದಲ್ಲಿ 1521 ಎಂದಿದ್ದರೆ ಅದು ತಾಮ್ರದ ತಂತಿಯ ಐ350. ಆಜ್ಞೆಯ ಜೊತೆಗೆ ‘-ಕೆ’ ಸೇರಿಸಿದರೆ ಆ ಪೋರ್ಟನ್ನು ಈಗ ಯಾವ ಡ್ರೈವರ್ ನಡೆಸುತ್ತಿದೆ ಎಂಬುದೂ ಗೊತ್ತಾಗುತ್ತದೆ. ಬಳಸಿದ ಕಾರ್ಡ್ ಮಾರುವವರನ್ನು ಈ ಒಂದು ಸಾಲು ಕೇಳಿ ಪಡೆದರೆ ಅರ್ಧ ನಿರ್ಧಾರ ಆದಂತೆ.

ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮತ್ತು ಚಿಪ್ಪಿನ ನಡುವೆ ನಿಂತು ಮಾತಾಡಿಸುವ ತಂತ್ರಾಂಶ. ಬಂದ ಪ್ಯಾಕೆಟನ್ನು ಮೆಮರಿಯಲ್ಲಿ ಎಲ್ಲಿ ಇಡಬೇಕು, ಪ್ರೊಸೆಸರನ್ನು ಯಾವಾಗ ಎಚ್ಚರಿಸಬೇಕು, ತಂತಿ ಕಳಚಿದಾಗ ಯಾರಿಗೆ ಹೇಳಬೇಕು ಎಂಬುದೆಲ್ಲ ಅದರ ಹೊಣೆ. ಓಪನ್ ಸೋರ್ಸ್ ಡ್ರೈವರ್ ಇದೆ ಎಂದು ಕಂಪನಿಗಳು ಹೇಳುವಾಗ ಎರಡು ಬಹಳ ಬೇರೆಯಾದ ಸ್ಥಿತಿಗಳನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಒಂದರಲ್ಲಿ ಡ್ರೈವರಿನ ಮೂಲ ಕೋಡ್ ಲಿನಕ್ಸ್ ಕರ್ನಲ್ಲಿನ ಒಳಗೇ ಇರುತ್ತದೆ. ಇನ್ನೊಂದರಲ್ಲಿ ಕಂಪನಿ ತನ್ನ ಜಾಲತಾಣದಲ್ಲಿ ಒಂದು ಜಿಪ್ ಫೈಲ್ ಇಟ್ಟಿರುತ್ತದೆ. ಬಳಸುವವರೇ ಅದನ್ನು ಇಳಿಸಿಕೊಂಡು, ಕಂಪೈಲ್ ಮಾಡಿ, ಸೇರಿಸಿಕೊಳ್ಳಬೇಕು.

ಕೊಳ್ಳುವವರ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಇದು. ಲಿನಕ್ಸ್ ಕರ್ನಲ್ ತನ್ನ ಒಳಗಿನ ವ್ಯವಸ್ಥೆಯನ್ನು ಸ್ಥಿರವಾಗಿ ಇಡುವುದಾಗಿ ಎಂದೂ ಮಾತು ಕೊಟ್ಟಿಲ್ಲ. ಒಳಗಿನ ಒಂದು ಫಂಕ್ಷನ್ ಬದಲಾದರೆ, ಬದಲಿಸಿದವರೇ ಕರ್ನಲ್ಲಿನಲ್ಲಿರುವ ಎಲ್ಲ ಡ್ರೈವರುಗಳನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು ಎಂಬುದು ಅಲ್ಲಿನ ನಿಯಮ. ಹಾಗಾಗಿ ಒಳಗಿರುವ ಡ್ರೈವರ್, ಅದನ್ನು ಬರೆದ ಕಂಪನಿ ಮರೆತರೂ, ವರ್ಷಗಟ್ಟಲೆ ಬದುಕುತ್ತದೆ. ಹೊರಗಿನ ಡ್ರೈವರ್ ಕರ್ನಲ್ ಅಪ್‌ಡೇಟ್ ಆದ ದಿನ ಕಂಪೈಲ್ ಆಗದೆ ನಿಂತುಬಿಡಬಹುದು. ಡಿಕೆಎಂಎಸ್ ಎಂಬ ವ್ಯವಸ್ಥೆ ಪ್ರತಿ ಹೊಸ ಕರ್ನಲ್ಲಿಗೂ ಡ್ರೈವರನ್ನು ತಾನಾಗಿ ಮತ್ತೆ ಕಟ್ಟುತ್ತದೆ ನಿಜ, ಆದರೆ ಕೋಡೇ ಹೊಂದದಿದ್ದರೆ ಅದೂ ಏನೂ ಮಾಡಲಾರದು. ರೂಟರ್ ಆಗಿರುವ ಕಂಪ್ಯೂಟರಿನಲ್ಲಿ ಹೀಗಾದರೆ ಪರಿಹಾರ ಹುಡುಕಲು ಬೇಕಾದ ಇಂಟರ್ನೆಟ್ಟೂ ಅದರೊಂದಿಗೇ ಹೋಗಿರುತ್ತದೆ.

ಮುಚ್ಚಿದ ವ್ಯವಸ್ಥೆಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ವರ್ಚುವಲ್ ಯಂತ್ರಗಳನ್ನು ಓಡಿಸುವ ವಿಎಂವೇರ್ ಇಎಸ್‌ಎಕ್ಸ್‌ಐ ಒಳ್ಳೆಯ ಉದಾಹರಣೆ. 2020ರಲ್ಲಿ ಬಂದ ಅದರ 7.0 ಆವೃತ್ತಿ ಹಳೆಯ ಡ್ರೈವರ್ ಪದ್ಧತಿಯನ್ನು ಪೂರ್ತಿಯಾಗಿ ಕೈಬಿಟ್ಟಿತು. ರಿಯಲ್‌ಟೆಕ್ ಕಾರ್ಡುಗಳೂ ಅದೇ ಪದ್ಧತಿ ನೆಚ್ಚಿದ್ದ ಇತರ ಹಳೆಯ ಕಾರ್ಡುಗಳೂ, ಕೆಟ್ಟಿರದಿದ್ದರೂ, ಆ ವ್ಯವಸ್ಥೆಯಲ್ಲಿ ನಿರುಪಯುಕ್ತವಾದವು. ಬಳಸುವವರಿಗೆ ಹಳೆಯ ಆವೃತ್ತಿಯಲ್ಲೇ ಉಳಿಯುವುದು ಅಥವಾ ಹೊಸ ಕಾರ್ಡ್ ಕೊಳ್ಳುವುದು ಬಿಟ್ಟು ದಾರಿ ಇರಲಿಲ್ಲ.

ಡ್ರೈವರ್ ಕರ್ನಲ್ಲಿನೊಳಗೆ ಇದೆ ಎಂದಷ್ಟಕ್ಕೇ ಸಮಾಧಾನಪಡಬಾರದು. ಅದನ್ನು ನೋಡಿಕೊಳ್ಳುವವರು ಯಾರು ಎಂಬುದೂ ತಿಳಿಯಬೇಕು. ಕರ್ನಲ್ ಮೂಲ ಕೋಡಿನ ಜೊತೆಗೆ ‘ಮೇಂಟೇನರ್ಸ್’ ಎಂಬ ಒಂದು ಉದ್ದನೆಯ ಫೈಲ್ ಇದೆ; ಯಾರು ಬೇಕಾದರೂ ಓದಬಹುದು. ಅದರಲ್ಲಿ ಪ್ರತಿ ಡ್ರೈವರಿಗೂ ಹೊಣೆ ಹೊತ್ತವರ ಹೆಸರು ಮತ್ತು ಅದರ ಸ್ಥಿತಿ ಬರೆದಿರುತ್ತದೆ. ಸ್ಥಿತಿ ‘ಸಪೋರ್ಟೆಡ್’ ಎಂದಿದ್ದರೆ ಸಂಬಳ ಪಡೆದು ಆ ಕೆಲಸ ಮಾಡುವವರಿದ್ದಾರೆ ಎಂದರ್ಥ. ‘ಮೇಂಟೇನ್ಡ್’ ಎಂದರೆ ಯಾರೋ ನಿಜವಾಗಿ ನೋಡಿಕೊಳ್ಳುತ್ತಿದ್ದಾರೆ. ‘ಆಡ್ ಫಿಕ್ಸಸ್’ ಎಂದರೆ ಬಿಡುವಾದಾಗ ತಿದ್ದುತ್ತಾರೆ, ‘ಆರ್ಫನ್’ ಎಂದರೆ ಕೇಳುವವರಿಲ್ಲ. ಅಂಗಡಿಯ ಜಾಹೀರಾತಿನಲ್ಲಿರುವ ‘ಲಿನಕ್ಸ್ ಬೆಂಬಲ’ ಎಂಬ ಸಾಲಿಗಿಂತ ಈ ಒಂದು ಪದ ಹೆಚ್ಚು ನಂಬಲರ್ಹ.

ಡ್ರೈವರುಗಳನ್ನು ಕರ್ನಲ್ಲಿನೊಳಗೇ ಇಡುವ ಈ ಪದ್ಧತಿಯ ಬೆಳವಣಿಗೆಯಲ್ಲಿ ನೆಟ್‌ವರ್ಕ್ ಕಾರ್ಡುಗಳಿಗೂ ಪಾಲಿದೆ. 1994ರಲ್ಲಿ ಅಮೆರಿಕದ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಸಾಮಾನ್ಯ ಪಿಸಿ ಪ್ರೊಸೆಸರುಗಳನ್ನು ಈಥರ್‌ನೆಟ್‌ನಿಂದ ಜೋಡಿಸಿ ಬಿಯೊವುಲ್ಫ್ ಎಂಬ ಕಂಪ್ಯೂಟರ್ ಕಟ್ಟಿದರು. ಅಂದಿನ ಈಥರ್‌ನೆಟ್ ವೇಗ ಸೆಕೆಂಡಿಗೆ 10 ಮೆಗಾಬಿಟ್. ಪ್ರೊಸೆಸರುಗಳ ಓಟಕ್ಕೆ ಒಂದು ತಂತಿ ಸಾಲಲಿಲ್ಲ. ಒಂದಕ್ಕಿಂತ ಹೆಚ್ಚು ತಂತಿಗಳಿಗೆ ಪ್ಯಾಕೆಟುಗಳನ್ನು ಹಂಚುವ ವ್ಯವಸ್ಥೆಯನ್ನು ಅವರು ಲಿನಕ್ಸ್‌ನಲ್ಲಿ ಮಾಡಿದರು. ಅದಕ್ಕಾಗಿ ಮತ್ತು ಅದರಾಚೆಗೂ ಬೆಕರ್ ಬರೆದ ಈಥರ್‌ನೆಟ್ ಡ್ರೈವರುಗಳು ಜಗತ್ತಿನ ಲಿನಕ್ಸ್ ಬಳಕೆದಾರರಿಗೆಲ್ಲ ಸಿಕ್ಕವು. ಆ ದಶಕದ ಕೊನೆಗೆ ಜನಪ್ರಿಯವಾಗಿದ್ದ ನಾಲ್ಕು ಪೋರ್ಟಿನ ಕಾರ್ಡುಗಳಲ್ಲಿ ಹಲವು, ಡಿ-ಲಿಂಕ್‌ನ ಡಿಎಫ್‌ಇ-570ಟಿಎಕ್ಸ್‌ನಂಥವು, ಡಿಇಸಿ ಕಂಪನಿಯ ಟ್ಯುಲಿಪ್ ಚಿಪ್ಪುಗಳ ಮೇಲೆ ನಿಂತಿದ್ದವು. ಬೆಕರ್ ಅವರ ಟ್ಯುಲಿಪ್ ಡ್ರೈವರ್ ಅವನ್ನು ನಡೆಸುತ್ತಿತ್ತು.

ಬ್ರಾಡ್‌ಕಾಮ್‌ನ ಗಿಗಾಬಿಟ್ ಚಿಪ್ಪುಗಳ ಕಥೆ ಇನ್ನೂ ಬೋಧಪ್ರದ. ಆ ಕಂಪನಿ ಜಿಪಿಎಲ್ ಪರವಾನಗಿಯಲ್ಲೇ ಒಂದು ಡ್ರೈವರ್ ಕೊಟ್ಟಿತ್ತು. ಪರವಾನಗಿ ಮುಕ್ತವಾಗಿದ್ದರೂ ಕೋಡ್ ಕರ್ನಲ್ಲಿನ ಮಟ್ಟಕ್ಕೆ ಇರಲಿಲ್ಲ. 2001–02ರ ಹೊತ್ತಿಗೆ ಕರ್ನಲ್ ಡೆವಲಪರುಗಳಾದ ಡೇವಿಡ್ ಮಿಲ್ಲರ್ ಮತ್ತು ಜೆಫ್ ಗಾರ್ಜಿಕ್ ಅದನ್ನು ಬದಿಗಿಟ್ಟು ಟಿಜಿ3 ಎಂಬ ಡ್ರೈವರನ್ನು ಹೊಸದಾಗಿ ಬರೆದರು. ಕೆಲ ವರ್ಷಗಳಲ್ಲಿ ಬ್ರಾಡ್‌ಕಾಮ್‌ನ ಎಂಜಿನಿಯರುಗಳೇ ಟಿಜಿ3ರ ಕೆಲಸಕ್ಕೆ ಬಂದು ಸೇರಿದರು. ಎನ್‌ವಿಡಿಯಾದ ಮದರ್‌ಬೋರ್ಡ್ ಚಿಪ್ಪುಗಳಿಗೂ ಹೀಗೇ ಆಯಿತು. ಕಂಪನಿ ಮುಚ್ಚಿದ ಡ್ರೈವರ್ ಮಾತ್ರ ಕೊಡುತ್ತಿದ್ದಾಗ ಸ್ವಯಂಸೇವಕರು ಚಿಪ್ಪಿನ ವರ್ತನೆಯನ್ನು ಹೊರಗಿನಿಂದ ಅಭ್ಯಸಿಸಿ ಫೋರ್ಸ್‌ಡೆತ್ ಎಂಬ ಡ್ರೈವರ್ ಬರೆದರು. ಕೊನೆಗೆ ಕಂಪನಿಯೂ ಅದನ್ನೇ ಒಪ್ಪಿಕೊಂಡಿತು. ಕಂಪನಿಯ ಸಹಕಾರ ಇದ್ದರೆ ಒಳ್ಳೆಯದು, ಆದರೆ ಡ್ರೈವರಿನ ಗುಣವನ್ನು ನಿರ್ಧರಿಸುವುದು ಅದನ್ನು ಓದಿ ತಿದ್ದುವ ಜನರ ಸಂಖ್ಯೆ ಎಂದು ಈ ಎರಡೂ ಪ್ರಸಂಗಗಳಿಂದ ತಿಳಿಯುತ್ತದೆ.

ಇನ್ನೊಂದು ಪ್ರಸಂಗ 2008ರದು. ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಹಾಕಿಕೊಂಡ ಕೆಲವರ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ ನೆಟ್‌ವರ್ಕ್ ಚಿಪ್ ಸತ್ತೇಹೋಗುತ್ತಿತ್ತು. ಚಿಪ್ಪಿನ ವಿಳಾಸ ಮತ್ತು ಸೆಟ್ಟಿಂಗುಗಳನ್ನು ಇಟ್ಟುಕೊಂಡಿರುವ ಶಾಶ್ವತ ಮೆಮರಿ ಅಳಿಸಿಹೋಗಿ, ಕಂಪ್ಯೂಟರನ್ನು ಮತ್ತೆ ಆನ್ ಮಾಡಿದರೂ ಪ್ರಯೋಜನವಾಗುತ್ತಿರಲಿಲ್ಲ. ಸಂಶಯವೆಲ್ಲ ಇ1000ಇ ಡ್ರೈವರಿನ ಮೇಲೆ ಬಿತ್ತು. ಇಂಟೆಲ್‌ನವರೂ ಹಲವು ಲಿನಕ್ಸ್ ಡಿಸ್ಟ್ರಿಬ್ಯೂಷನ್‌ಗಳ ಎಂಜಿನಿಯರುಗಳೂ ಒಟ್ಟಿಗೆ ಕೂತು ಹುಡುಕಿದಾಗ ತಪ್ಪು ಬೇರೆಲ್ಲೋ ಇತ್ತು. ಕರ್ನಲ್ಲಿನ ಕೆಲಸವನ್ನು ಜಾಡು ಹಿಡಿಯುವ ಎಫ್‌ಟ್ರೇಸ್ ಎಂಬ ಹೊಸ ಭಾಗ, ಬಿಡುಗಡೆಯಾದ ಮೆಮರಿ ವಿಳಾಸಗಳನ್ನು ಇನ್ನೂ ನೆನಪಿಟ್ಟುಕೊಂಡು ಅಲ್ಲಿ ಬರೆಯುತ್ತಿತ್ತು. ಅಷ್ಟರಲ್ಲಿ ಅದೇ ವಿಳಾಸಕ್ಕೆ ನೆಟ್‌ವರ್ಕ್ ಚಿಪ್ಪಿನ ಶಾಶ್ವತ ಮೆಮರಿ ಬಂದು ಕೂತಿರುತ್ತಿತ್ತು. ಅಕ್ಟೋಬರ್ ತಿಂಗಳಲ್ಲೇ ಕಾರಣ ಪತ್ತೆಯಾಗಿ, 2.6.27.1 ಆವೃತ್ತಿಯಲ್ಲಿ ಆ ಸೌಲಭ್ಯವನ್ನು ನಿಲ್ಲಿಸಲಾಯಿತು. ಡ್ರೈವರಿಗೂ ಆ ಮೆಮರಿಗೆ ಬೀಗ ಹಾಕುವ ರಕ್ಷಣೆ ಸೇರಿತು. ಡ್ರೈವರ್, ಎಫ್‌ಟ್ರೇಸ್ ಎರಡರ ಕೋಡೂ ಎಲ್ಲರ ಕಣ್ಣೆದುರಿಗೆ ಇದ್ದುದರಿಂದಲೇ, ಎರಡು ಸಂಬಂಧವಿಲ್ಲದ ಭಾಗಗಳ ನಡುವಿನ ಈ ಕೊಂಡಿ ವಾರಗಳಲ್ಲಿ ಸಿಕ್ಕಿತು.

ಡ್ರೈವರಿನ ಕೆಳಗೆ ಇನ್ನೊಂದು ಪದರವಿದೆ: ಫರ್ಮ್‌ವೇರ್. ಇದು ಚಿಪ್ಪಿನೊಳಗಿನ ಸಣ್ಣ ಪ್ರೊಸೆಸರ್ ನಡೆಸುವ ಕೋಡ್. ಹೆಚ್ಚಿನ ಇಂಟೆಲ್ ಗಿಗಾಬಿಟ್ ಕಾರ್ಡುಗಳಲ್ಲಿ ಅದು ಕಾರ್ಡಿನ ಮೇಲೆಯೇ ಇರುತ್ತದೆ, ಕಂಪ್ಯೂಟರ್ ಏನನ್ನೂ ಒದಗಿಸಬೇಕಿಲ್ಲ. ಬ್ರಾಡ್‌ಕಾಮ್ 5709ರಂಥ ಚಿಪ್ಪುಗಳನ್ನು ನಡೆಸುವ ಬಿಎನ್‌ಎಕ್ಸ್2 ಡ್ರೈವರಿಗೆ ಫರ್ಮ್‌ವೇರ್ ಫೈಲ್ ಬೇಕೇ ಬೇಕು. ರಿಯಲ್‌ಟೆಕ್‌ನ ಹಲವು ಚಿಪ್ಪುಗಳಿಗೂ ಡ್ರೈವರ್ ಅಂಥ ಫೈಲ್ ಕೇಳುತ್ತದೆ. ಇವು ಓಪನ್ ಸೋರ್ಸ್ ಅಲ್ಲ, ಹಂಚಲು ಅನುಮತಿ ಇರುವ ಮುಚ್ಚಿದ ಫೈಲುಗಳು. ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರಿಬ್ಯೂಷನ್ ಬಹುಕಾಲ ಇವನ್ನು ತನ್ನ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. ನೆಟ್‌ವರ್ಕ್ ಮೂಲಕ ಡೆಬಿಯನ್ ಹಾಕಲು ಹೊರಟವರಿಗೆ ನೆಟ್‌ವರ್ಕ್ ಕಾರ್ಡಿನ ಫೈಲೇ ಸಿಗದೆ ಕೆಲಸ ನಿಲ್ಲುತ್ತಿತ್ತು. 2022ರಲ್ಲಿ ಅಲ್ಲಿನ ಸದಸ್ಯರು ಮತ ಹಾಕಿ ನಿಯಮ ಬದಲಿಸಿದ ಮೇಲೆ, 2023ರ ಡೆಬಿಯನ್ 12ರಿಂದ ಅವು ಇನ್‌ಸ್ಟಾಲರಿನಲ್ಲೇ ಬರುತ್ತಿವೆ. ಓಪನ್‌ಬಿಎಸ್‌ಡಿ ಯೋಜನೆಯ ನಿಲುವೂ ಸ್ಪಷ್ಟವಾಗಿದೆ: ಕರ್ನಲ್ಲಿನೊಳಗೆ ಓಡುವ ಮುಚ್ಚಿದ ಡ್ರೈವರಿಗೆ ಅಲ್ಲಿ ಜಾಗವಿಲ್ಲ, ಆದರೆ ಚಿಪ್ಪಿನೊಳಗೆ ಓಡುವ ಫರ್ಮ್‌ವೇರನ್ನು ಮುಕ್ತವಾಗಿ ಹಂಚಲು ಬಿಟ್ಟರೆ ತಕರಾರಿಲ್ಲ. ಈ ಪದರದಲ್ಲೂ ಮುಕ್ತತೆ ಬೇಕೆನ್ನುವವರಿಗೆ ನಾಲ್ಕು ಪೋರ್ಟಿನ ಬಿಸಿಎಂ5719 ಕುತೂಹಲದ ಚಿಪ್. ಟ್ಯಾಲೋಸ್ 2 ಎಂಬ ಮದರ್‌ಬೋರ್ಡಿನಲ್ಲಿ ಅದು ಇದ್ದ ಕಾರಣ, ಉತ್ಸಾಹಿಗಳು ಅದರ ಫರ್ಮ್‌ವೇರನ್ನೇ ಬಿಡಿಸಿ ಅಭ್ಯಸಿಸಿ ಓಪನ್ ಸೋರ್ಸ್ ಬದಲಿ ಬರೆದಿದ್ದಾರೆ.

ಈಗ ಚಿಪ್ಪುಗಳ ಆಯ್ಕೆ. ಗಿಗಾಬಿಟ್ ವೇಗ ಸಾಕು ಎನ್ನುವವರಿಗೆ ಇಂಟೆಲ್ ಐ350ಕ್ಕಿಂತ ನೆಮ್ಮದಿಯ ಆಯ್ಕೆ ಇಲ್ಲ. 2011ರಲ್ಲಿ ಬಂದ ಈ ಚಿಪ್ ಒಂದರಲ್ಲೇ ನಾಲ್ಕು ಪೋರ್ಟುಗಳ ವ್ಯವಸ್ಥೆ ಇದೆ. ಲಿನಕ್ಸ್‌ನಲ್ಲಿ ಐಜಿಬಿ ಡ್ರೈವರ್ ಇದನ್ನು ನಡೆಸುತ್ತದೆ, ನೂರಾರು ಪುಟಗಳ ತಾಂತ್ರಿಕ ಕೈಪಿಡಿ ಎಲ್ಲರಿಗೂ ಸಿಗುತ್ತದೆ, ವಿದ್ಯುತ್ ಖರ್ಚು ಸುಮಾರು 5 ವ್ಯಾಟ್. ಇದರ ಹಿಂದಿನ 82580 ಚಿಪ್ಪೂ ಅದೇ ಡ್ರೈವರಿನಡಿ ಬರುತ್ತದೆ, ಬೆಲೆ ಕಡಿಮೆ ಇದ್ದರೆ ಕೊಳ್ಳಲು ಹಿಂಜರಿಯಬೇಕಿಲ್ಲ. ಅದಕ್ಕೂ ಹಿಂದಿನ 82571 ಕಾರ್ಡುಗಳಲ್ಲಿ ಎರಡು ಪೋರ್ಟಿನ ಎರಡು ಚಿಪ್ಪುಗಳು, ಅವುಗಳ ನಡುವೆ ಒಂದು ಸೇತುವೆ ಚಿಪ್ ಇರುತ್ತವೆ. ಕೆಲಸ ಚೆನ್ನಾಗಿಯೇ ಮಾಡುತ್ತವೆ, ಆದರೆ ಐ350ಕ್ಕಿಂತ ಹೆಚ್ಚು ಬಿಸಿಯಾಗುತ್ತವೆ. ಹಗಲಿರುಳು ಓಡುವ ಯಂತ್ರಕ್ಕೆ ಅದು ಗಣನೀಯ ದೋಷ. ಬಿಸಿಎಂ5719 ಕೂಡ ಒಂದೇ ಚಿಪ್ಪಿನ, ಟಿಜಿ3 ಡ್ರೈವರಿನ, ಭರವಸೆಯ ಕಾರ್ಡು. ಇಂಟೆಲ್ ಹೆಸರಿನ ಹಿಂದೆಯೇ ಎಲ್ಲರೂ ಬೀಳುವುದರಿಂದ ಇದನ್ನು ಕಡೆಗಣಿಸಿದವರೇ ಹೆಚ್ಚು.

ರಿಯಲ್‌ಟೆಕ್ ಬಗ್ಗೆ ಹೇಳುವಾಗ ಸ್ವಲ್ಪ ನ್ಯಾಯ ಪಾಲಿಸಬೇಕು. ಒಂದು ಪೋರ್ಟಿನ ಸಾಧಾರಣ ಬಳಕೆಗೆ ಅದರ ಚಿಪ್ಪುಗಳು ಲಿನಕ್ಸ್‌ನ ಆರ್8169 ಡ್ರೈವರಿನಲ್ಲಿ ಚೆನ್ನಾಗಿ ಓಡುತ್ತವೆ. ಲಕ್ಷಾಂತರ ಮದರ್‌ಬೋರ್ಡುಗಳಲ್ಲಿ ಇರುವುದು ಅವೇ. ತೊಂದರೆ ಇರುವುದು ನಾಲ್ಕು ರಿಯಲ್‌ಟೆಕ್ ಚಿಪ್ಪುಗಳನ್ನು ಒಂದು ಸೇತುವೆ ಚಿಪ್ಪಿನ ಹಿಂದೆ ಸಾಲಾಗಿ ಕೂರಿಸಿದ ಅಗ್ಗದ ಕಾರ್ಡುಗಳಲ್ಲಿ. ಕರ್ನಲ್ಲಿನ ಡ್ರೈವರಿನಡಿ ಒಂದು ಪೋರ್ಟಿಗೆ ಒಂದೇ ಸರದಿ ಸಾಲು ಇರುವುದರಿಂದ, ಪ್ಯಾಕೆಟುಗಳ ಭಾರವನ್ನು ಪ್ರೊಸೆಸರಿನ ಹಲವು ಕೋರುಗಳಿಗೆ ಹಂಚಲು ಚಿಪ್ ನೆರವಾಗುವುದಿಲ್ಲ. ಐ350ಯಲ್ಲಿ ಪ್ರತಿ ಪೋರ್ಟಿಗೂ ಎಂಟು ಸಾಲುಗಳಿವೆ. ಅದರ ಚಿಕ್ಕ ಬಂಧುಗಳಾದ ಐ210ರಲ್ಲಿ ನಾಲ್ಕು, ಐ211ರಲ್ಲಿ ಎರಡು.

ಈ ಸಾಲುಗಳು ಏಕೆ ಮುಖ್ಯ ಎಂಬುದು ಲೆಕ್ಕ ಹಾಕಿದಾಗ ತಿಳಿಯುತ್ತದೆ. ಗಿಗಾಬಿಟ್ ತಂತಿಯೊಂದರಲ್ಲಿ ಅತಿ ದೊಡ್ಡ ಪ್ಯಾಕೆಟುಗಳೇ ಬಂದರೆ ಸೆಕೆಂಡಿಗೆ 81 ಸಾವಿರದಷ್ಟು. 64 ಬೈಟಿನ ಅತಿ ಚಿಕ್ಕ ಪ್ಯಾಕೆಟುಗಳಾದರೆ 14,88,095. ನಾಲ್ಕೂ ಪೋರ್ಟುಗಳಲ್ಲಿ ಹೀಗಾದರೆ 59 ಲಕ್ಷ ದಾಟುತ್ತದೆ. ಪ್ರತಿ ಪ್ಯಾಕೆಟಿಗೂ ಪ್ರೊಸೆಸರನ್ನು ತಟ್ಟಿ ಎಬ್ಬಿಸಿದರೆ ಅದಕ್ಕೆ ಬೇರೆ ಕೆಲಸವೇ ಆಗುವುದಿಲ್ಲ. ಆದ್ದರಿಂದ ಒಳ್ಳೆಯ ಚಿಪ್ ಒಂದಷ್ಟು ಪ್ಯಾಕೆಟ್ ಕೂಡುವವರೆಗೆ ಕಾದು ಒಮ್ಮೆ ಎಬ್ಬಿಸುತ್ತದೆ. ಲಿನಕ್ಸ್‌ನ ಎನ್‌ಎಪಿಐ ವ್ಯವಸ್ಥೆ ಒಮ್ಮೆ ಎದ್ದ ಮೇಲೆ ಸಾಲು ಖಾಲಿಯಾಗುವವರೆಗೆ ತಾನೇ ಎತ್ತಿಕೊಳ್ಳುತ್ತದೆ. ದೂರವಾಣಿ ಕರೆ, ಆನ್‌ಲೈನ್ ಆಟಗಳಂಥ ಚಿಕ್ಕ ಪ್ಯಾಕೆಟುಗಳ ಸಂಚಾರದಲ್ಲಿ ಒಳ್ಳೆಯ ಕಾರ್ಡಿಗೂ ಅಗ್ಗದ ಕಾರ್ಡಿಗೂ ಇರುವ ಅಂತರ ಎದ್ದು ಕಾಣುವುದು ಇದರಿಂದಲೇ. ದೊಡ್ಡ ಫೈಲ್ ಒಂದನ್ನು ನಕಲು ಮಾಡಿ ನೋಡಿ ‘ಎರಡೂ ಒಂದೇ’ ಎಂದು ತೀರ್ಪು ಕೊಡುವುದು ತಪ್ಪು.

ಗಿಗಾಬಿಟ್ ಮೀರಿದ 2.5 ಗಿಗಾಬಿಟ್ ಕಾರ್ಡುಗಳಲ್ಲಿ ಎಚ್ಚರ ಹೆಚ್ಚು ಬೇಕು. ಇಂಟೆಲ್ ಐ225ರ ಆರಂಭದ ತಯಾರಿಕೆಗಳಲ್ಲಿ ಪ್ಯಾಕೆಟುಗಳ ನಡುವಿನ ಅಂತರಕ್ಕೆ ಸಂಬಂಧಿಸಿದ ದೋಷವಿತ್ತು. ಕೆಲವು ಸ್ವಿಚ್ಚುಗಳೊಂದಿಗೆ ಪ್ಯಾಕೆಟ್ ಕಳೆದುಹೋಗಿ ವೇಗ ಕುಸಿಯುತ್ತಿತ್ತು. ಇದು ಚಿಪ್ಪಿನೊಳಗಿನ ತಪ್ಪು, ಡ್ರೈವರ್ ಎಷ್ಟೇ ಒಳ್ಳೆಯದಿದ್ದರೂ ಪೂರ್ತಿ ಸರಿಯಾಗದು. ಬಿ3 ಎಂಬ ನಂತರದ ತಯಾರಿಕೆಯಲ್ಲಿ ಅದನ್ನು ತಿದ್ದಿದರು, ಆಮೇಲೆ ಐ226 ಬಂತು. ಎರಡನ್ನೂ ನಡೆಸುವ ಐಜಿಸಿ ಡ್ರೈವರ್ ಲಿನಕ್ಸ್‌ನಲ್ಲಿದೆ. ಆದ್ದರಿಂದ ಐ226 ಸಿಕ್ಕರೆ ಐ225ರ ಗೊಡವೆ ಬೇಡ. ರಿಯಲ್‌ಟೆಕ್‌ನ 8125ಕ್ಕೆ ಲಿನಕ್ಸ್ 5.4ರಿಂದ ಕರ್ನಲ್ಲಿನೊಳಗೇ ಬೆಂಬಲವಿದೆ. ಹತ್ತು ಗಿಗಾಬಿಟ್‌ಗೆ ಹೋಗುವವರಿಗೆ ಬಳಸಿದ ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಎರಡು ಪೋರ್ಟಿನ ಇಂಟೆಲ್ ಎಕ್ಸ್520. ಅದರ ಫೈಬರ್ ಮಾಡ್ಯೂಲುಗಳ ವಿಷಯದಲ್ಲಿ ಮಾತ್ರ ಡ್ರೈವರ್ ಕಟ್ಟುನಿಟ್ಟು: ಗುರುತಿಲ್ಲದ ಮಾಡ್ಯೂಲ್ ಹಾಕಿದರೆ ನಿರಾಕರಿಸುತ್ತದೆ. ‘ಅಲೋ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ’ ಎಂಬ ಆಯ್ಕೆಯನ್ನು ಡ್ರೈವರಿಗೆ ಕೊಟ್ಟರೆ ಒಪ್ಪಿಕೊಳ್ಳುತ್ತದೆ.

ಫೈರ್‌ವಾಲ್‌ಗಾಗಿ ಕೊಳ್ಳುವವರು ಲಿನಕ್ಸ್ ಒಂದನ್ನೇ ನೋಡಿದರೆ ಸಾಲದು. ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಎರಡೂ ಫ್ರೀಬಿಎಸ್‌ಡಿ ಮೇಲೆ ನಿಂತಿವೆ, ಅಲ್ಲಿನ ಡ್ರೈವರುಗಳು ಬೇರೆ. ಇಂಟೆಲ್ ಗಿಗಾಬಿಟ್ ಚಿಪ್ಪುಗಳಿಗೆ ಅಲ್ಲಿ ಪಕ್ಕಾ ಬೆಂಬಲವಿದೆ. ರಿಯಲ್‌ಟೆಕ್ 8125ಕ್ಕೆ ಬಹುಕಾಲ ಕಂಪನಿಯ ಡ್ರೈವರನ್ನು ಪ್ರತ್ಯೇಕ ಪ್ಯಾಕೇಜಾಗಿ ಹಾಕಿಕೊಳ್ಳಬೇಕಿತ್ತು. ಲಿನಕ್ಸ್‌ನಲ್ಲಿ ಸುಖವಾಗಿ ಓಡುವ ಕಾರ್ಡ್ ಅಲ್ಲಿ ತಡವರಿಸಬಹುದು. ಹಾಕಲಿರುವ ಆವೃತ್ತಿಯ ಹಾರ್ಡ್‌ವೇರ್ ಪಟ್ಟಿಯನ್ನು ತೆರೆದು ಚಿಪ್ಪಿನ ಹೆಸರು ಹುಡುಕುವುದೊಂದೇ ಸರಿಯಾದ ದಾರಿ. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸಿ, ಎರಡು ಪೋರ್ಟನ್ನು ಫೈರ್‌ವಾಲ್ ಯಂತ್ರಕ್ಕೇ ವಹಿಸಿಕೊಡುವ ಉದ್ದೇಶವಿದ್ದರೆ ಮದರ್‌ಬೋರ್ಡ್ ಆ ಪೋರ್ಟುಗಳನ್ನು ಬೇರೆ ಬೇರೆ ಐಒಎಂಎಂಯು ಗುಂಪಿನಲ್ಲಿ ತೋರಿಸುತ್ತದೆಯೇ ಎಂದೂ ನೋಡಬೇಕು. ನಾಲ್ಕೂ ಒಂದೇ ಗುಂಪಿನಲ್ಲಿದ್ದರೆ ಎರಡನ್ನು ಮಾತ್ರ ಕೊಡಲಾಗುವುದಿಲ್ಲ.

ಸ್ಲಾಟಿನ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಹಳೆಯ 32 ಬಿಟ್ ಪಿಸಿಐ ಸ್ಲಾಟಿನ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 133 ಮೆಗಾಬೈಟ್. ಒಂದು ಗಿಗಾಬಿಟ್ ಪೋರ್ಟು ಒಂದು ದಿಕ್ಕಿಗೇ 125 ಕೇಳುತ್ತದೆ. ಅಂಥ ಸ್ಲಾಟಿಗೆ ನಾಲ್ಕು ಪೋರ್ಟಿನ ಗಿಗಾಬಿಟ್ ಕಾರ್ಡ್ ವ್ಯರ್ಥ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಒಂದು ಲೇನ್ ಪ್ರತಿ ದಿಕ್ಕಿಗೆ ಮೊದಲ ತಲೆಮಾರಿನಲ್ಲಿ 250, ಎರಡನೆಯದರಲ್ಲಿ 500, ಮೂರನೆಯದರಲ್ಲಿ ಸುಮಾರು 985 ಮೆಗಾಬೈಟ್ ಸಾಗಿಸುತ್ತದೆ. ನಾಲ್ಕು ಗಿಗಾಬಿಟ್ ಪೋರ್ಟುಗಳಿಗೆ ಬೇಕಾದದ್ದು 500. ನಾಲ್ಕು ಲೇನಿನ ಸ್ಲಾಟ್ ಯಾವ ತಲೆಮಾರಿನದಾದರೂ ಸಾಕು. ಎರಡನೆಯ ತಲೆಮಾರಿನ ಒಂದು ಲೇನ್ ಕಾಗದದ ಮೇಲೆ ಸಾಕೆನಿಸಿದರೂ ಒಳಗಿನ ಓವರ್‌ಹೆಡ್ ಕಳೆದರೆ ಕಡಿಮೆ ಬೀಳುತ್ತದೆ. 2.5 ಗಿಗಾಬಿಟ್‌ನ ನಾಲ್ಕು ಪೋರ್ಟಿಗೆ ಸೆಕೆಂಡಿಗೆ 1250 ಮೆಗಾಬೈಟ್ ಬೇಕು. ಒಂದು ಲೇನಿನ ಕನೆಕ್ಟರ್ ಇಟ್ಟು ಮಾರುವ ಅಂಥ ಕಾರ್ಡುಗಳು ನಾಲ್ಕೂ ಪೋರ್ಟನ್ನು ಪೂರ್ಣ ವೇಗದಲ್ಲಿ ಓಡಿಸಲಾರವು. ಉದ್ದನೆಯ ಹದಿನಾರು ಲೇನಿನ ಸ್ಲಾಟಿನಲ್ಲಿ ನಿಜವಾಗಿ ನಾಲ್ಕೇ ಲೇನ್ ಜೋಡಿಸಿರುವ ಮದರ್‌ಬೋರ್ಡುಗಳೂ ಇವೆ, ಕೈಪಿಡಿ ಓದದೆ ಇದು ತಿಳಿಯದು.

ಬಳಸಿದ ಸರ್ವರ್ ಕಾರ್ಡುಗಳು ಆನ್‌ಲೈನಿನಲ್ಲೂ ಬೆಂಗಳೂರಿನ ಎಸ್‌.ಪಿ. ರೋಡಿನಂಥ ಮಾರುಕಟ್ಟೆಗಳಲ್ಲೂ ಸಿಗುತ್ತವೆ. ದೊಡ್ಡ ಸಂಸ್ಥೆಗಳು ಬದಲಿಸಿ ಬಿಟ್ಟ ಈ ಕಾರ್ಡುಗಳು ಹೊಸ ಅಗ್ಗದ ಕಾರ್ಡಿಗಿಂತ ಎಷ್ಟೋ ಮೇಲು. ಆದರೆ ಮೂರು ಮೋಸದ ಜಾಗಗಳಿವೆ. ಡೆಲ್, ಎಚ್‌ಪಿ ಸರ್ವರುಗಳೊಳಗೆ ಮಾತ್ರ ಕೂರುವ ವಿಶೇಷ ಆಕಾರದ ಡಾಟರ್ ಕಾರ್ಡುಗಳಲ್ಲೂ ಐ350 ಚಿಪ್ಪೇ ಇರುತ್ತದೆ, ಬೆಲೆಯೂ ಕಡಿಮೆ. ಅವು ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಿಡಿಯುವುದಿಲ್ಲ. ಚಿಕ್ಕ ಕ್ಯಾಬಿನೆಟ್ಟಿಗೆ ಬೇಕಾದ ಗಿಡ್ಡ ಬ್ರಾಕೆಟ್ ಜೊತೆಗಿದೆಯೇ ಎಂದು ಕೇಳದೆ ತಂದವರು ಮತ್ತೆ ಅಲೆಯಬೇಕಾಗುತ್ತದೆ. ಮೂರನೆಯದು ನಕಲಿ ಕಾರ್ಡು. ಐ350-ಟಿ4ಕ್ಕೆ ಬೇಡಿಕೆ ಇರುವುದರಿಂದ ಇಂಟೆಲ್ ಹೆಸರಿನ ನಕಲಿಗಳು ಸಾಕಷ್ಟು ಓಡಾಡುತ್ತಿವೆ. ನಕಲಿಯಲ್ಲಿ ಚಿಪ್ ಅಸಲಿಯೇ ಇರಬಹುದು, ಸುತ್ತಲಿನ ಬಿಡಿಭಾಗಗಳು ಅಗ್ಗದವು. ಮುದ್ರಣ ಮಸುಕಾಗಿದ್ದರೆ, ಹೊಸ ಕಾರ್ಡಿನ ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಅನುಮಾನಿಸಬೇಕು. ಸರ್ವರಿನಿಂದ ಕಳಚಿದ ಎಚ್‌ಪಿ ಅಥವಾ ಡೆಲ್ ಲೇಬಲ್ಲಿನ ಬಳಸಿದ ಕಾರ್ಡು ‘ಹೊಚ್ಚ ಹೊಸ ಇಂಟೆಲ್’ ಕಾರ್ಡಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಕಾರ್ಡ್ ತಂದ ದಿನವೇ ಪರೀಕ್ಷಿಸಿದರೆ ಹಿಂದಿರುಗಿಸಲು ಅವಕಾಶವಿರುತ್ತದೆ. ‘ಎಲ್‌ಎಸ್‌ಪಿಸಿಐ’ಯಲ್ಲಿ ನಾಲ್ಕೂ ಪೋರ್ಟು ಕಾಣಬೇಕು, ಅದರ ವಿವರವಾದ ಉತ್ತರದಲ್ಲಿ ಎಷ್ಟು ಲೇನ್ ಸಿಕ್ಕಿದೆ, ಯಾವ ವೇಗದಲ್ಲಿ ಎಂಬುದೂ ಇರುತ್ತದೆ. ‘ಈಥ್‌ಟೂಲ್ -ಐ’ ಡ್ರೈವರಿನ ಹೆಸರು ಹೇಳುತ್ತದೆ. ಯಾವ ಹೆಸರು ಯಾವ ಪೋರ್ಟಿನದೆಂದು ತಿಳಿಯದಿದ್ದರೆ ‘ಈಥ್‌ಟೂಲ್ -ಪಿ’ ಕೊಟ್ಟಾಗ ಆ ಪೋರ್ಟಿನ ದೀಪ ಮಿನುಗುತ್ತದೆ. ಆಗಲೇ ಬ್ರಾಕೆಟಿನ ಮೇಲೆ ಹೆಸರು ಬರೆದು ಅಂಟಿಸುವುದು ಒಳ್ಳೆಯದು. ನಾಲ್ಕೂ ಪೋರ್ಟುಗಳಿಗೆ ತಂತಿ ಹಾಕಿ ‘ಐಪರ್ಫ್’ ತಂತ್ರಾಂಶದಿಂದ ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ಸಂಚಾರ ಹರಿಸಿ, ಕ್ಯಾಬಿನೆಟ್ಟಿನ ಮುಚ್ಚಳ ಮುಚ್ಚಿ, ರಾತ್ರಿಯಿಡೀ ಬಿಡಬೇಕು. ತೆರೆದಿಟ್ಟಾಗ ತಣ್ಣಗಿದ್ದ ಕಾರ್ಡ್ ಮುಚ್ಚಿದಾಗ ಕಾಯುತ್ತದೆ, ನಕಲಿ ಕಾರ್ಡಿನ ಬಣ್ಣ ಬಯಲಾಗುವುದು ಸಾಮಾನ್ಯವಾಗಿ ಆಗಲೇ. ಬೆಳಿಗ್ಗೆ ‘ಈಥ್‌ಟೂಲ್ -ಎಸ್’ ತೋರಿಸುವ ಲೆಕ್ಕದಲ್ಲಿ ಸಿಆರ್‌ಸಿ ತಪ್ಪುಗಳು ಸೊನ್ನೆ ಇರಬೇಕು. ಕರ್ನಲ್ ದಾಖಲೆಯಲ್ಲಿ ಲಿಂಕ್ ಬಿದ್ದು ಎದ್ದ ಸಾಲುಗಳಾಗಲಿ, ಕಾರ್ಡನ್ನು ರೀಸೆಟ್ ಮಾಡಿದ ಸಾಲುಗಳಾಗಲಿ ಇರಬಾರದು. ಒಂದೇ ಪೋರ್ಟಿನಲ್ಲಿ ತಪ್ಪು ಕಂಡರೆ ಮೊದಲು ಕೇಬಲ್ ಬದಲಿಸಿ ನೋಡಬೇಕು. ಕೇಬಲ್ ಬದಲಿಸಿದ ಮೇಲೂ ಅದೇ ಪೋರ್ಟಿನಲ್ಲಿ ಲೆಕ್ಕ ಏರುತ್ತಿದ್ದರೆ ಕಾರ್ಡನ್ನು ಹಿಂದಿರುಗಿಸಬೇಕು.